ದಪ್ಪ ಮಾಡಿದರೆ ಶೀರ್ಷಿಕೆ ಆಗುವುದಿಲ್ಲ: ಕನ್ನಡ ವಿಕಿ ಪುಟ ಬರೆಯುವವರಿಗೆ

ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬರೆಯಲು ಬಂದವರಲ್ಲಿ ಹೆಚ್ಚಿನವರು ಶುರು ಮಾಡುವುದು ಒಂದೇ ರೀತಿ. ವರ್ಡ್‌ನಲ್ಲಿ ಟೈಪ್ ಮಾಡಿಟ್ಟ ಲೇಖನವನ್ನು ತಂದು ಅಂಟಿಸುತ್ತಾರೆ. ಉಪಶೀರ್ಷಿಕೆಗಳನ್ನು ಒಂದೊಂದಾಗಿ ಸೆಲೆಕ್ಟ್ ಮಾಡಿ ದಪ್ಪಕ್ಷರ ಮಾಡುತ್ತಾರೆ. ಪರದೆ ಮೇಲೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. "ಇಷ್ಟು ಸಾಕಲ್ವಾ ಸರ್?" ಅಂತ ಕೇಳುತ್ತಾರೆ.

ಸಾಲದು. ಯಾಕೆ ಸಾಲದು ಅನ್ನುವುದನ್ನು ಹೇಳಿಕೊಡುವುದೇ ನನ್ನ ತರಗತಿಗಳಲ್ಲಿ ಜಾಸ್ತಿ ಹೊತ್ತು ಹಿಡಿಯುವ ಕೆಲಸ. ಚಿಹ್ನೆಗಳನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ವಿಕಿಯ ಚಿಹ್ನೆ ಹೇಳುವುದು ಈ ಸಾಲು ಏನು ಅನ್ನುವುದನ್ನು, ಹೇಗೆ ಕಾಣಬೇಕು ಅನ್ನುವುದನ್ನಲ್ಲ. ಇದು ಮನಸ್ಸಿಗೆ ಇಳಿಯಲು ಸ್ವಲ್ಪ ಸಮಯ ಬೇಕು.

ಒಂದು ಸಾಲನ್ನು '''ಇತಿಹಾಸ''' ಅಂತ ಮೂರು ಮೂರು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಅದು ದಪ್ಪ ಅಕ್ಷರದ ಒಂದು ಸಾಲು, ಅಷ್ಟೇ. ಅದನ್ನೇ == ಇತಿಹಾಸ == ಅಂತ ಬರೆದರೆ ಅಲ್ಲಿಂದ ಒಂದು ವಿಭಾಗ ಶುರುವಾಯಿತು ಅಂತ ತಂತ್ರಾಂಶಕ್ಕೆ ಗೊತ್ತಾಗುತ್ತದೆ. ಪರಿವಿಡಿಗೆ ಆ ಹೆಸರು ತಾನಾಗಿ ಹೋಗುತ್ತದೆ. ಆ ವಿಭಾಗವೊಂದನ್ನೇ ತೆರೆದು ತಿದ್ದಲು ಪಕ್ಕದಲ್ಲಿ ಕೊಂಡಿ ಬರುತ್ತದೆ. ಮೊಬೈಲ್‌ನಲ್ಲಿ ಉದ್ದ ಲೇಖನ ತೆರೆದಾಗ ವಿಭಾಗಗಳು ಮಡಚಿಕೊಂಡಿರುವುದನ್ನು ನೋಡಿರುತ್ತೀರಿ, ಬೇಕಾದ್ದನ್ನು ಒತ್ತಿ ಬಿಚ್ಚುತ್ತೇವೆ. ಅದು ನಡೆಯುವುದೂ ಇದೇ ಸಮಚಿಹ್ನೆಗಳಿಂದ. ಬರೀ ದಪ್ಪಕ್ಷರದ ಲೇಖನ ಮೊಬೈಲ್‌ನಲ್ಲಿ ಮಡಚುವುದೇ ಇಲ್ಲ. ಓದುಗರು ಬೆರಳಿನಿಂದ ತಳ್ಳುತ್ತಲೇ ಇರಬೇಕು.

ಇನ್ನೂ ಮುಖ್ಯವಾದ ಕಾರಣ ಒಂದಿದೆ. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದಿಂದ ವಿಕಿಪೀಡಿಯ ಓದುತ್ತಾರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇ-ಸ್ಪೀಕ್ ದನಿಯ ಸಹಾಯದಿಂದ ಕನ್ನಡವನ್ನೂ ಓದಿ ಹೇಳುತ್ತದೆ. ಅದರಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ನೇರ ಹೋಗಬಹುದು. ನಾವು ಕಣ್ಣಾಡಿಸಿ ಮಾಡುವ ಕೆಲಸವನ್ನು ಅವರು ಆ ಒಂದು ಕೀಲಿಯಿಂದ ಮಾಡುತ್ತಾರೆ. ದಪ್ಪಕ್ಷರ ಅವರ ಪಾಲಿಗೆ ಶೀರ್ಷಿಕೆಯೇ ಅಲ್ಲ. ಇಡೀ ಲೇಖನವನ್ನು ಮೊದಲಿಂದ ಕೇಳಿಸಿಕೊಳ್ಳಬೇಕು. ಎರಡು ಸಮಚಿಹ್ನೆ ಹಾಕದೆ ಬಿಟ್ಟರೆ ಒಬ್ಬ ಓದುಗರಿಗೆ ಬಾಗಿಲು ಮುಚ್ಚಿದ ಹಾಗೆ. ಹಾಗಾಗಿ ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಶೀರ್ಷಿಕೆ ಎರಡು ಸಮಚಿಹ್ನೆಯಿಂದಲೇ ಶುರುವಾಗಲಿ. ಒಂದೇ ಚಿಹ್ನೆಯದು ಪುಟದ ಹೆಸರಿನ ಮಟ್ಟ, ಅದನ್ನು ಮುಟ್ಟಬೇಡಿ. ಒಳ ವಿಭಾಗಕ್ಕೆ ಮೂರು, ಅದರೊಳಗಿನದಕ್ಕೆ ನಾಲ್ಕು. ಅಕ್ಷರ ಚಿಕ್ಕದಾಗಿ ಕಾಣಲಿ ಅಂತ ಎರಡರಿಂದ ನಾಲ್ಕಕ್ಕೆ ಹಾರಬೇಡಿ.

ಈ ಚಿಹ್ನೆಗಳ ಹಿಂದೆ ಒಂದು ಕಥೆ ಇದೆ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು, ಅಂದರೆ ಓದುಗರೇ ತಿದ್ದಬಹುದಾದ ತಾಣವನ್ನು, ಜಾಲಕ್ಕೆ ಬಿಟ್ಟರು. ಜಾಲಪುಟ ಬರೆಯುವ ಎಚ್‌ಟಿಎಂಎಲ್ ಭಾಷೆ ಬಾರದವರೂ ಪುಟ ತಿದ್ದುವಂತಾಗಬೇಕು ಅನ್ನುವುದು ಅಲ್ಲಿನ ಆಸೆ. ಕೊಂಡಿ ಕೊಡಲು ಆಗ ಆವರಣಗಳಿರಲಿಲ್ಲ. ಎರಡು ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಸೇರಿಸಿ, ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡಿದರೆ ಅದೇ ಕೊಂಡಿಯಾಗುತ್ತಿತ್ತು. 2001ರ ಜನವರಿ 15ರಂದು ವಿಕಿಪೀಡಿಯ ಶುರುವಾದಾಗಲೂ ಇದೇ ಪದ್ಧತಿ. ಅದೇ ವರ್ಷ ಕೊಂಡಿಗೆ ಜೋಡಿ ಚೌಕಾವರಣ ಬಂತು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವುದೇ ಇಲ್ಲ. ಹಳೆಯ ಪದ್ಧತಿ ಹಾಗೇ ಉಳಿದಿದ್ದರೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಒಂದು ಕೊಂಡಿಯನ್ನೂ ಕನ್ನಡ ಪದದ ಮೇಲೆ ಕೊಡಲು ಆಗುತ್ತಿರಲಿಲ್ಲ. [[ಮೈಸೂರು]] ಅಂತ ಬರೆಯುವಾಗಲೆಲ್ಲ ನನಗೆ ಈ ಬದಲಾವಣೆ ನೆನಪಾಗುತ್ತದೆ.

ಆದರೆ ನಾವು ಸುಮ್ನೆ ಮೈಸೂರು ಅಂತ ಬರೆಯುವುದು ಎಷ್ಟು ಸಲ? ಮೈಸೂರಿನ ಅರಮನೆ, ಮೈಸೂರಿಗೆ ಹೋದರು, ಮೈಸೂರಿನಲ್ಲಿ ಹುಟ್ಟಿದರು. ವಾಕ್ಯದಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಂಡೇ ಬರುತ್ತದೆ. [[ಮೈಸೂರಿನ]] ಅಂತ ಬರೆದರೆ ಕೊಂಡಿ ಕೆಂಪಾಗುತ್ತದೆ. ಕೆಂಪು ಅಂದರೆ ಆ ಹೆಸರಿನ ಪುಟ ಇಲ್ಲ ಅಂತ. ಇಲ್ಲೇ ನಿಂತ ಗೆರೆ, ಅಂದರೆ ಪೈಪ್, ಕೆಲಸಕ್ಕೆ ಬರುವುದು: [[ಮೈಸೂರು|ಮೈಸೂರಿನ]]. ಗೆರೆಯ ಎಡಕ್ಕೆ ಹೋಗಬೇಕಾದ ಪುಟ, ಬಲಕ್ಕೆ ಓದುಗರಿಗೆ ಕಾಣುವ ಪದ. ಹೊಸಬರು ಇದನ್ನು ತಿರುವುಮುರುವು ಮಾಡುತ್ತಾರೆ. "ಎಡಗಡೆ ವಿಳಾಸ, ಬಲಗಡೆ ಮಾತು" ಅಂತ ಹೇಳಿಕೊಟ್ಟರೆ ನೆನಪಿರುತ್ತದೆ.

ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಪೈಪ್ ಆಗೊಮ್ಮೆ ಈಗೊಮ್ಮೆ ಸಾಕು. ಆವರಣ ಮುಚ್ಚಿದ ಮೇಲೆ ಬಹುವಚನದ ಅಕ್ಷರ ಅಂಟಿಸಿದರೂ ಅಲ್ಲಿ ಅದು ಕೊಂಡಿಯೊಳಗೇ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಮೈಸೂರು ಹೋಗಿ ಮೈಸೂರಿ- ಆಗಿಬಿಡುವುದರಿಂದ ಆವರಣವನ್ನು ನಡುವೆ ಮುಚ್ಚಲು ಜಾಗವೇ ಇಲ್ಲ. ಕನ್ನಡದಲ್ಲಿ ಬರೆಯುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದು ಪೈಪ್ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಪ್ಪಕ್ಷರ, ಪಟ್ಟಿ, ಚಿತ್ರ ಎಲ್ಲ ಆಮೇಲೆ.

ಪೈಪ್, ಚೌಕಾವರಣ ಇವನ್ನು ಟೈಪ್ ಮಾಡುವುದು ಎಲ್ಲಿಂದ? ಮೊಬೈಲ್ ಕೀಲಿಮಣೆಯಲ್ಲಿ ಚಿಹ್ನೆಗಳ ಎರಡನೇ ಪುಟದಲ್ಲಿ ಹುಡುಕಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಚೌಕಾವರಣದ ಕೀಲಿಗಳ ಜಾಗದಲ್ಲಿ ಬೇರೆ ಅಕ್ಷರ ಕೂತಿರುತ್ತದೆ. ವಿಕಿಪೀಡಿಯದ್ದೇ ಕೀಲಿಮಣೆ ಬಳಸುತ್ತಿದ್ದರೆ ಕಂಟ್ರೋಲ್ ಜೊತೆ ಎಂ ಒತ್ತಿ, ಇಂಗ್ಲಿಷ್‌ಗೆ ಹೋಗಿ ಆವರಣ ಹಾಕಿ, ಮತ್ತೆ ಅದನ್ನೇ ಒತ್ತಿ ಕನ್ನಡಕ್ಕೆ ಬನ್ನಿ.

ಇನ್ನು ಖಾಲಿ ಜಾಗದ ವಿಷಯ. ಪ್ಯಾರಾ ಶುರುವಿನಲ್ಲಿ ಸ್ವಲ್ಪ ಜಾಗ ಬಿಡಬೇಕು ಅಂತ ನಮಗೆಲ್ಲ ಶಾಲೆಯಲ್ಲೇ ಕಲಿಸಿದ್ದಾರೆ. ವಿಕಿಯಲ್ಲಿ ಸಾಲಿನ ಮೊದಲಿಗೆ ಒಂದೇ ಒಂದು ಸ್ಪೇಸ್ ಬಿಟ್ಟರೂ ಅದಕ್ಕೆ ಬೇರೆ ಅರ್ಥ ಬರುತ್ತದೆ. ಆ ಸಾಲು ಬೂದು ಬಣ್ಣದ ಚೌಕಟ್ಟಿನೊಳಗೆ ಸೇರುತ್ತದೆ. ಸಾಲು ಮುರಿಯದೆ ಪರದೆಯ ಆಚೆಗೆ ಓಡುವುದೂ ಉಂಟು. ಪ್ಯಾರಾ ಬೇರೆ ಮಾಡಲು ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಸಾಕು. ಒಂದೇ ಸಲ ಎಂಟರ್ ಒತ್ತಿದರೆ ಎರಡು ಸಾಲೂ ಕೂಡಿಕೊಂಡು ಒಂದೇ ಪ್ಯಾರಾ ಆಗುತ್ತದೆ.

ಗದ್ಯಕ್ಕೆ ಇದರಿಂದ ತೊಂದರೆ ಇಲ್ಲ. ತೊಂದರೆ ವಚನಕ್ಕೆ, ಪದ್ಯಕ್ಕೆ. ಬಸವಣ್ಣನವರ ವಚನವನ್ನು ಸಾಲು ಸಾಲಾಗಿ ಟೈಪ್ ಮಾಡಿ ಉಳಿಸಿದರೆ ಎಲ್ಲ ಸಾಲೂ ಸೇರಿ ಒಂದು ಗದ್ಯದ ತುಂಡಾಗಿ ಕಾಣುತ್ತದೆ. ಎಷ್ಟೋ ಜನ ಆಗ ಪ್ರತಿ ಸಾಲಿನ ಮಧ್ಯೆ ಒಂದು ಖಾಲಿ ಸಾಲು ಬಿಡುತ್ತಾರೆ. ಆಗ ವಚನ ಚೂರು ಚೂರಾಗಿ, ಒಂದೊಂದು ಸಾಲೂ ಒಂದೊಂದು ಪ್ಯಾರಾ ಆಗುತ್ತದೆ. ಇದಕ್ಕೆಂದೇ ಪೊಯೆಮ್ ಅನ್ನುವ ಟ್ಯಾಗ್ ಇದೆ. ಕೋನಾವರಣದೊಳಗೆ ಆ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು, ವಚನದ ಕೊನೆಯಲ್ಲಿ ಓರೆಗೆರೆ ಸೇರಿಸಿ ಮುಚ್ಚಬೇಕು. ನೀವು ಕೊಟ್ಟ ಸಾಲುಗಳೇ ಉಳಿಯುತ್ತವೆ. ವಿಕಿಪೀಡಿಯದ ಸೋದರ ತಾಣವಾದ ವಿಕಿಸೋರ್ಸ್‌ನಲ್ಲಿ ಹಳೆಯ ಕಾವ್ಯ ಏರಿಸುವವರು ಇದನ್ನು ದಯವಿಟ್ಟು ಕಲಿತುಕೊಳ್ಳಿ. ವಚನದಲ್ಲಿ ಸಾಲು ಎಲ್ಲಿ ನಿಲ್ಲುತ್ತದೆ ಅನ್ನುವುದೂ ವಚನದ ಭಾಗವೇ.

ಪಟ್ಟಿ ಸುಲಭ: ಚುಕ್ಕಿಗೆ *, ಅಂಕಿಗೆ #. ಒಂದೇ ಎಚ್ಚರಿಕೆ, ಅಂಕಿಯ ಸಾಲುಗಳ ಮಧ್ಯೆ ಖಾಲಿ ಸಾಲು ಬಿಡಬೇಡಿ. ಬಿಟ್ಟರೆ ಪ್ರತಿ ಸಾಲೂ ಒಂದರಿಂದಲೇ ಶುರುವಾಗುತ್ತದೆ. ಕೋಷ್ಟಕವನ್ನು ಕೈಯಿಂದ ಬರೆಯುವ ಹಟ ಬೇಡ. 2013ರಿಂದ ವಿಕಿಪೀಡಿಯಗಳಿಗೆ ಬರತೊಡಗಿದ, ಚಿಹ್ನೆ ಬರೆಯದೆಯೇ ತಿದ್ದಬಹುದಾದ ವಿಶುವಲ್ ಎಡಿಟರ್‌ನಲ್ಲಿ ಅದು ಬೇಗ ಆಗುತ್ತದೆ. ಉಲ್ಲೇಖ ಸೇರಿಸುವುದೂ ಅಲ್ಲಿ ಆರಾಮ. ಹಾಗಾದರೆ ಚಿಹ್ನೆಗಳನ್ನು ಯಾಕೆ ಕಲಿಯಬೇಕು ಅಂತ ಕೇಳುವವರಿದ್ದಾರೆ. ಪುಟ ಕೆಟ್ಟಾಗ ಅದನ್ನು ಸರಿ ಮಾಡುವುದಕ್ಕೆ. ಉಲ್ಲೇಖದ ರೆಫ್ ಟ್ಯಾಗ್ ಮುಚ್ಚದೆ ಬಿಟ್ಟು ಕೆಂಪು ಸಂದೇಶ ಬಂದಾಗ, ಟೆಂಪ್ಲೇಟಿನ, ಅಂದರೆ ಹಲವು ಪುಟಗಳಲ್ಲಿ ಬಳಸುವ ಸಿದ್ಧ ಅಚ್ಚಿನ, ಎರಡು ಹೂವಾವರಣದಲ್ಲಿ ಒಂದು ಕಳೆದುಹೋದಾಗ, ಮೂಲ ಪಠ್ಯ ತೆರೆದು ನೋಡಿದರೇನೇ ತಪ್ಪು ಸಿಗುವುದು. ಮುನ್ನೋಟ ನೋಡಿ ಉಳಿಸುವ ಅಭ್ಯಾಸ ಇದ್ದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಓರೆ ಅಕ್ಷರದ ಬಗ್ಗೆ ಒಂದು ಮಾತು. ಎರಡು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಅಕ್ಷರ ಓರೆಯಾಗುತ್ತದೆ. ಇಂಗ್ಲಿಷ್‌ನಲ್ಲಿ ಪುಸ್ತಕದ ಹೆಸರಿಗೆ ಇದು ರೂಢಿ. ಕನ್ನಡದ ಎಷ್ಟೋ ಫಾಂಟ್‌ಗಳಲ್ಲಿ ಓರೆ ಅಕ್ಷರವೇ ಇಲ್ಲ, ಬ್ರೌಸರ್ ನೇರ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ. ಸಣ್ಣ ಪರದೆಯಲ್ಲಿ ಒತ್ತಕ್ಷರಗಳು ಓದಲು ಕಷ್ಟವಾಗುತ್ತವೆ. ಪುಸ್ತಕದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುವ ನಮ್ಮ ಮುದ್ರಣದ ಪದ್ಧತಿಯೇ ಚೆನ್ನ.

ಕೊನೆಗೆ, ಅನುಭವ ಇದ್ದವರನ್ನೂ ಕಾಡುವ ಒಂದು ಸಮಸ್ಯೆ. ಬೀದರ್ ಅಂತ ಪುಟ ಇದೆ. ನೀವೂ [[ಬೀದರ್]] ಅಂತಲೇ ಬರೆದಿದ್ದೀರಿ. ಆದರೂ ಕೊಂಡಿ ಕೆಂಪು. ಎಷ್ಟು ಸಲ ನೋಡಿದರೂ ಎರಡೂ ಒಂದೇ. ಕಾರಣ ಕಣ್ಣಿಗೆ ಕಾಣದ ಒಂದು ಅಕ್ಷರ. ಬೀದರ್‌ಗೆ ಅಂತ ಬರೆಯುವಾಗ ರ್ ಮತ್ತು ಗೆ ಒತ್ತಕ್ಷರವಾಗಿ ಕೂಡದಂತೆ ತಡೆಯಲು ಕೀಲಿಮಣೆ ನಡುವೆ ಒಂದು ಅಗೋಚರ ಅಕ್ಷರ ಹಾಕುತ್ತದೆ. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ನೀವು ಆಮೇಲೆ "ಗೆ" ಮಾತ್ರ ಅಳಿಸಿದರೆ ಅದು ಅಲ್ಲೇ ಉಳಿಯುತ್ತದೆ. ವಿಕಿಯ ಲೆಕ್ಕದಲ್ಲಿ ಅದು ಬೇರೆಯೇ ಹೆಸರು. ಒಕಾರ, ಏಕಾರದಂಥ ಸ್ವರಚಿಹ್ನೆಗಳನ್ನು ಎರಡು ತುಂಡಾಗಿ ಟೈಪ್ ಮಾಡಿದರೂ ತಂತ್ರಾಂಶ ಅವನ್ನು ಒಂದುಗೂಡಿಸಿಕೊಳ್ಳುತ್ತದೆ. ಈ ಅಗೋಚರ ಅಕ್ಷರವನ್ನು ಮಾತ್ರ ಮುಟ್ಟುವುದಿಲ್ಲ. ಅದನ್ನು ಎಲ್ಲ ಕಡೆ ತೆಗೆದುಹಾಕಲೂ ಆಗದು, ರಾಜ್‌ಕುಮಾರ್ ಅಂತ ಸರಿಯಾಗಿ ಬರೆಯಲು ಅದು ಬೇಕೇ ಬೇಕು.

ಪತ್ತೆ ಮಾಡುವ ಉಪಾಯ ಸರಳ. ಮೂಲ ಪಠ್ಯದಲ್ಲಿ ಕರ್ಸರನ್ನು ಪದದ ಕೊನೆಗೆ ಇಟ್ಟು, ಎಡ ಬಾಣದ ಕೀಲಿ ಒತ್ತುತ್ತಾ ಬನ್ನಿ. ಒಂದು ಸಲ ಒತ್ತಿದಾಗ ಕರ್ಸರ್ ಕದಲದಿದ್ದರೆ ಅಲ್ಲಿ ಅದು ಅಡಗಿರಬಹುದು. ಕೆಲವು ಬ್ರೌಸರ್‌ಗಳಲ್ಲಿ ಇದು ಕಾಣುವುದಿಲ್ಲ. ಆಗ ಪದವನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ವಾಸಿ. ಕೆಂಪು ಕೊಂಡಿ ಕಂಡ ತಕ್ಷಣ ಅದನ್ನು ಒತ್ತಿ ಹೊಸ ಪುಟ ಶುರು ಮಾಡಬೇಡಿ. ಮೊದಲು ಹುಡುಕು ಪೆಟ್ಟಿಗೆಯಲ್ಲಿ ಆ ಹೆಸರು ಹಾಕಿ ನೋಡಿ. ಒಂದೇ ಊರಿಗೆ ಎರಡು ಲೇಖನ ಹುಟ್ಟಿಕೊಂಡಿದ್ದರೆ ಜಾಸ್ತಿ ವಿವರ ಇರುವುದನ್ನು ಉಳಿಸಿ, ಇನ್ನೊಂದರ ಒಳ್ಳೆಯ ಸಾಲುಗಳನ್ನು ಅದಕ್ಕೆ ಸೇರಿಸಿ. ಎಲ್ಲಿಂದ ತಂದಿರಿ ಅನ್ನುವುದನ್ನು ಸಂಪಾದನೆಯ ಸಾರಾಂಶದಲ್ಲಿ ಬರೆಯಿರಿ, ಅದನ್ನು ಮೊದಲು ಬರೆದವರ ಹೆಸರು ಆ ಪುಟದ ಇತಿಹಾಸದಲ್ಲಿದೆ. ಆಮೇಲೆ ಎರಡನೇ ಪುಟವನ್ನು ಮೊದಲನೆಯದಕ್ಕೆ ರೀಡೈರೆಕ್ಟ್ ಮಾಡಿ, ಅಂದರೆ ಅದನ್ನು ತೆರೆದವರು ನೇರ ಮೊದಲನೆಯದಕ್ಕೆ ಹೋಗುವಂತೆ ಮಾಡಿ.