ಇಂಗ್ಲಿಷ್ ವಾಕ್ಯದಲ್ಲಿ ಯಾವುದು ಯಾವುದರ ಪಕ್ಕ ಬರಬೇಕು?

ಈ ವಾಕ್ಯ ಓದಿ: ‘ಶಿ ಗೇವ್ ಲಡ್ಡೂಸ್ ಟು ದ ಚಿಲ್ಡ್ರನ್ ಇನ್ ಎ ಸ್ಟೀಲ್ ಬಾಕ್ಸ್’. ಪದಗಳೆಲ್ಲ ಸರಿಯಾಗಿವೆ. ಆದರೆ ಡಬ್ಬಿಯಲ್ಲಿ ಲಡ್ಡು ಬದಲು ಮಕ್ಕಳು ಕೂತಿದ್ದಾರೆ! ‘ಇನ್ ಎ ಸ್ಟೀಲ್ ಬಾಕ್ಸ್’ ಅನ್ನೋದು ‘ಚಿಲ್ಡ್ರನ್’ ಪಕ್ಕ ಬಂದದ್ದೇ ಕಾರಣ. ಲಡ್ಡು ಪಕ್ಕ ಇಡಿ, ಸರಿಹೋಗುತ್ತದೆ: ‘ಶಿ ಗೇವ್ ದ ಚಿಲ್ಡ್ರನ್ ಲಡ್ಡೂಸ್ ಇನ್ ಎ ಸ್ಟೀಲ್ ಬಾಕ್ಸ್’.

ಕನ್ನಡದಲ್ಲಿ ನಮಗೆ ಈ ತೊಂದರೆ ಕಡಿಮೆ. ‘ಬಸ್ಸಿನಲ್ಲಿ ಹುಡುಗನನ್ನು ನೋಡಿದೆ’ ಅಂದರೆ ನೋಡಿದ್ದು ಬಸ್ಸಿನಲ್ಲಿ. ‘ಬಸ್ಸಿನಲ್ಲಿದ್ದ ಹುಡುಗನನ್ನು ನೋಡಿದೆ’ ಅಂದರೆ ಬಸ್ಸಿನಲ್ಲಿದ್ದದ್ದು ಹುಡುಗ, ನಾನು ರಸ್ತೆಯಲ್ಲೇ ನಿಂತಿರಬಹುದು. ಆ ‘ಇದ್ದ’ ಎಷ್ಟು ಕೆಲಸ ಮಾಡುತ್ತದೆ ನೋಡಿ! ಇಂಗ್ಲಿಷಿನಲ್ಲಿ ಎರಡಕ್ಕೂ ‘ಆನ್ ದ ಬಸ್’ ಅಂತಲೇ ಹೇಳಬಹುದು. ಹಾಗಾಗಿ ‘ಐ ಸಾ ದ ಬಾಯ್ ಆನ್ ದ ಬಸ್’ ಅಂದರೆ ಎರಡೂ ಅರ್ಥ ಬರುತ್ತದೆ.

ಅದಕ್ಕೇ ಬರೆಯುವ ಮೊದಲು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ. ‘ಇದ್ದ’ ಅಂತ ಬಂದರೆ ಆ ಭಾಗವನ್ನು ನಾಮಪದದ ಬೆನ್ನಿಗೇ ಇಡಿ. ಗೊಂದಲ ಉಳಿದರೆ ‘ಹೂ ವಾಸ್’ ಸೇರಿಸಿ: ‘ದ ಬಾಯ್ ಹೂ ವಾಸ್ ಆನ್ ದ ಬಸ್’. ‘ಇದ್ದ’ ಇಲ್ಲದೆ ಬರೀ ‘ಬಸ್ಸಿನಲ್ಲಿ’ ಅಂತ ಬಂದರೆ ವಾಕ್ಯದ ಮೊದಲಿಗೆ ತನ್ನಿ: ‘ಆನ್ ದ ಬಸ್, ಐ ಸಾ ದ ಬಾಯ್’. ನನ್ನ ಪ್ರಕಾರ ಹತ್ತು ನಿಯಮ ಬಾಯಿಪಾಠ ಮಾಡುವುದಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನು ‘ಹೂ’, ‘ವಿಚ್’, ‘ದಟ್’. ‘ನಿನ್ನೆ ಬಂದ ಹುಡುಗ ನನ್ನ ಮಾವನ ಮಗ’ ಅನ್ನುವಾಗ ‘ನಿನ್ನೆ ಬಂದ’ ಮೊದಲು, ‘ಹುಡುಗ’ ಆಮೇಲೆ. ಇಂಗ್ಲಿಷಿನಲ್ಲಿ ಇದು ತಿರುಗಾಮುರುಗಾ. ಹಾಗಂತ ವಾಕ್ಯ ಮುಗಿಸಿ ಕೊನೆಗೆ ಸೇರಿಸಿದರೆ ‘ದ ಬಾಯ್ ಈಸ್ ಮೈ ಕಸಿನ್ ಹೂ ಕೇಮ್ ಯೆಸ್ಟರ್ಡೇ’ ಆಗುತ್ತದೆ. ಆಗ ‘ಹೂ’ ಹೋಗಿ ‘ಕಸಿನ್’ಗೆ ಅಂಟಿಕೊಳ್ಳುತ್ತದೆ, ಅರ್ಥವೇ ಬೇರೆ. ಸರಿಯಾದದ್ದು: ‘ದ ಬಾಯ್ ಹೂ ಕೇಮ್ ಯೆಸ್ಟರ್ಡೇ ಈಸ್ ಮೈ ಕಸಿನ್’. ನಡುವೆ ತುರುಕಿದ ಹಾಗೆ ಅನಿಸುತ್ತೆ ಅಲ್ವಾ? ಅನಿಸಲಿ, ಅದರ ಜಾಗ ಅದೇ.

ಒಂದು ನಾಮಪದದ ಬೆನ್ನಿಗೆ ‘ಆಫ್ ಮ್ಯಾಂಗೋಸ್’ ಥರದ ಭಾಗ, ‘ವಿಚ್’ ಭಾಗ ಎರಡೂ ಒಟ್ಟಿಗೆ ಬಂದಾಗ ಸ್ವಲ್ಪ ನಿಧಾನಿಸಿ. ‘ಎ ಬಾಕ್ಸ್ ಆಫ್ ಮ್ಯಾಂಗೋಸ್ ವಿಚ್ ವಾಸ್ ವೆಟ್’ ಅಂದರೆ ಒದ್ದೆಯಾದದ್ದು ಪೆಟ್ಟಿಗೆ. ‘ವಿಚ್ ವರ್ ವೆಟ್’ ಅಂದರೆ ಮಾವಿನಹಣ್ಣು. ಇಲ್ಲಿ ಕ್ರಿಯಾಪದ ನಮ್ಮನ್ನು ಕಾಪಾಡಿತು. ‘ವಿಚ್ ಫೆಲ್ ಡೌನ್’ ಅಂತ ಬರೆದರೆ ಆ ಸಹಾಯವೂ ಇಲ್ಲ, ಬಿದ್ದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಆಗ ಜಾಗ ಬದಲಿಸಿದರೆ ಸಾಲದು, ವಾಕ್ಯವನ್ನೇ ಬೇರೆ ಥರ ಕಟ್ಟಬೇಕು: ‘ದ ಮ್ಯಾಂಗೋಸ್ ವಿಚ್ ಫೆಲ್ ಔಟ್ ಆಫ್ ದ ಬಾಕ್ಸ್’.