ಮಹಡಿಯ ಚಿಪ್‌ಬೋರ್ಡ್ ಉಬ್ಬಿದೆ, ಅಷ್ಟು ಭಾಗ ಮಾತ್ರ ಬದಲಿಸಿದರೆ ಸಾಕಾ?

ಪ್ರಶ್ನೆ: ದಾವಣಗೆರೆಯ ಚೌಕಿಪೇಟೆ ಕಡೆ ನಮ್ಮದೊಂದು ಹಳೇ ಮನೆ ಇದೆ. ಮಹಡಿಯ ಮರದ ಹಲಗೆ ಹಾಳಾಗಿವೆ ಅಂತ ನಮ್ಮಪ್ಪ ಜಂತೆಗಳ ಮೇಲೆ ಚಿಪ್‌ಬೋರ್ಡ್ ಹೊಡೆಸಿ, ವಿನೈಲ್ ಶೀಟ್ ಹಾಸಿಸಿದ್ದರು. ಈಗ ಒಂದು ಮೂಲೆ ಉಬ್ಬಿದೆ, ಕಾಲಿಟ್ಟರೆ ಮೆತ್ತಗೆ ಇಳಿಯುತ್ತೆ. ಅಷ್ಟಕ್ಕೇ ರಿಪೇರಿ ಮಾಡಿಸಬಹುದಾ, ಪೂರ್ತಿ ತೆಗೆಸಬೇಕಾ?

ಉತ್ತರ: ಉಳಿದ ಕಡೆ ಗಟ್ಟಿ ಇದ್ದರೆ ಆ ಮೂಲೆಯಷ್ಟೇ ಬದಲಿಸಿದರೆ ಸಾಕು. ಆದರೆ ಬದಲಿಸಲೇಬೇಕು. ಪುಟ್ಟಿ ತುಂಬೋದು, ಮೇಲೊಂದು ಪ್ಲೈ ತುಂಡು ಹೊಡೆಯೋದು ಸುಮ್ನೆ ದುಡ್ಡು ದಂಡ.

ಚಿಪ್‌ಬೋರ್ಡ್ ಅಂದ್ರೆ ಮರದ ಚೂರುಗಳನ್ನು ಅಂಟಿನ ಜೊತೆ ಬಿಸಿಯಲ್ಲಿ ಒತ್ತಿದ ಹಲಗೆ. ಫರ್ನಿಚರ್‌ಗೆ ಬರೋದರಲ್ಲಿ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿರುತ್ತೆ, ಅದು ನೀರಿಗೆ ತಡೆಯಲ್ಲ. ನೆನೆದಾಗ ಅಂಟು ಬಿಡುತ್ತೆ, ಚೂರು ಊದಿಕೊಳ್ಳುತ್ತೆ. ನೆನೆದ ಮಂಡಕ್ಕಿ ಬಿಸಿಲಿಗೆ ಹಾಕಿದ್ರೆ ಮತ್ತೆ ಗರಿಗರಿ ಆಗುತ್ತಾ? ಇದೂ ಹಾಗೇ.

ಮೊದಲು ವಿನೈಲ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಹಲಗೆ ಚುಚ್ಚುತ್ತಾ ಹೋಗಿ. ಪುಡಿ ಉದುರೋದು ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಹಾಳಾದ ಭಾಗ ಮುಗೀತು. ಆಮೇಲೆ ಕೆಳಗಿನ ಕೋಣೆಗೆ ಬಂದು ಜಂತೆ ನೋಡಿ. ಜನ ಹಲಗೆ ನೋಡ್ತಾರೆ, ಇದನ್ನೇ ಬಿಡ್ತಾರೆ. ಜಂತೆ ಲಡ್ಡಾಗೋದು ಹೆಚ್ಚಾಗಿ ಗೋಡೆಯೊಳಗೆ ಸೇರುವ ತುದಿಯಲ್ಲಿ, ಯಾಕಂದ್ರೆ ಗೋಡೆಯ ತೇವ ಅಲ್ಲಿಂದ ಹೋಗೋಕೆ ದಾರಿಯಿಲ್ಲ. ಅಲ್ಲಿ ಸ್ಕ್ರೂಡ್ರೈವರ್ ಸಲೀಸಾಗಿ ಇಳಿದರೆ ಇದು ಬಡಗಿ ಒಬ್ಬರ ಕೆಲಸ ಅಲ್ಲ. ಕೆಳಗಿನಿಂದ ಆಸರೆ ಕೊಟ್ಟು ಎಂಜಿನಿಯರ್‌ಗೆ ತೋರಿಸಿ. ಗೆದ್ದಲಿನ ಮಣ್ಣುಗೆರೆ ಕಂಡರೆ ಔಷಧಿ ಹೊಡೆಸಿದ ಮೇಲೇ ಹೊಸ ಹಲಗೆ.

ನೀರು ಎಲ್ಲಿಂದ ಬಂತು ಅನ್ನೋದನ್ನೂ ಹುಡುಕಿ. ಮಾಳಿಗೆ ಸೋರಿದ್ದಾ, ಪೈಪಾ, ಕಿಟಕಿಯ ಎರಚಲಾ? ನೆಲ ಒರೆಸುವ ನೀರೂ ಸಂದಿಯಲ್ಲಿ ಇಳಿದು ವಿನೈಲ್ ಅಡಿ ಸಿಕ್ಕಿಕೊಂಡಿರಬಹುದು.

ಇನ್ನು ಕತ್ತರಿಸೋದು. ಹಾಳಾದ ಭಾಗದ ಅಂಚಿಗೇ ಕೊಯ್ಯಬೇಡಿ. ಆಚೀಚೆಯ ಜಂತೆಯ ನಡುಗೆರೆವರೆಗೂ ಹೋಗಿ, ಹಳೇ ಹಲಗೆ ಅರ್ಧ, ಹೊಸದು ಅರ್ಧ ಅದರ ಮೇಲೆ ಕೂರಬೇಕು. ಜಂತೆ ಸಿಗದ ಅಂಚಿನ ಕೆಳಗೆ ಅಡ್ಡಕ್ಕೆ ರೀಪರ್ ತುಂಡು ಹೊಡೆಸಿ. ಗರಗಸದ ಬ್ಲೇಡ್ ಹಲಗೆಯ ದಪ್ಪದಷ್ಟೇ ಇಳಿಯಲಿ. ಕೆಳಗೆ ವೈರ್ ಹಾದುಹೋಗಿದೆಯಾ ಅಂತ ಮೊದಲೇ ನೋಡಿ, ಮೇನ್ ಆಫ್ ಮಾಡಿ.

ಯೂಟ್ಯೂಬ್ ನೋಡಿ ಮತ್ತೆ ಚಿಪ್‌ಬೋರ್ಡೇ ತರೋಕೆ ಹೋಗಬೇಡಿ. ಇಂಗ್ಲೆಂಡಿನವರು ನೆಲಕ್ಕೆ ಹಾಕೋದು ತೇವ ತಡೆಯುವ ಪಿ5 ದರ್ಜೆಯದು. ಅದರ ಲೆಕ್ಕವೂ ಸಮಾನ ಅಂತರದ ಜಂತೆಗೆ: 600 ಮಿ.ಮೀ. ಅಂತರಕ್ಕೆ 22 ಮಿ.ಮೀ. ದಪ್ಪ. ನಮ್ಮ ಹಳೇ ಮನೆಗಳಲ್ಲಿ ಒಂದು ಜಂತೆ ಹತ್ತಿರ, ಇನ್ನೊಂದು ದೂರ, ಅಲ್ವಾ? ಇಲ್ಲಿನ ಅಂಗಡಿಯಲ್ಲಿ ಸಿಗೋದು ಜಾಸ್ತಿ ಫರ್ನಿಚರ್ ಬೋರ್ಡ್. ನನ್ನ ಮಟ್ಟಿಗೆ ಐಎಸ್ 710 ಗುರುತಿರುವ, ಅಂದ್ರೆ ನೀರು ತಡೆಯುವ ಮರೀನ್ ದರ್ಜೆಯ, 19 ಮಿ.ಮೀ. ಪ್ಲೈವುಡ್ ಸರಿ. ಹಳೇ ಹಲಗೆ ತೆಳುವಾಗಿದ್ದರೆ ಮಟ್ಟ ನೋಡಿಕೊಂಡು ದಪ್ಪ ಹೊಂದಿಸಿ. ಸಿಮೆಂಟ್ ಬೋರ್ಡ್ ನೀರಿಗೆ ಇನ್ನೂ ಗಟ್ಟಿ. ಆದರೆ 18 ಮಿ.ಮೀ.ನ 8x4 ಅಡಿ ಶೀಟ್ ಒಂದೇ 65 ಕೆಜಿ ದಾಟುತ್ತೆ, ಹಳೇ ಜಂತೆಗೆ ಅಷ್ಟು ಭಾರ ಯಾಕೆ ಅಂತ ನನಗನ್ನಿಸುತ್ತೆ.

ಮೊಳೆ ಬೇಡ, ಸ್ಕ್ರೂ ಹಾಕಿಸಿ, ಎರಡು ಇಂಚಿನದು. ಮೊಳೆ ಬರಬರುತ್ತಾ ಸಡಿಲಾಗಿ ಕಿರ್ ಕಿರ್ ಅನ್ನುತ್ತೆ. ಗೋಡೆಯ ಬುಡದಲ್ಲಿ 10 ಮಿ.ಮೀ. ಸಂದಿ ಬಿಡಿ. ವಿನೈಲ್ ಮತ್ತೆ ಹಾಸೋ ಮುಂಚೆ ಒಂದು ಮಳೆ ಬರಲಿ, ಸೋರಿಕೆ ನಿಂತಿದೆಯಾ ನೋಡಿಕೊಳ್ಳಿ.