ಲಕ್ಷದ್ವೀಪದ ಹಡಗು: ಮಂಗಳೂರಿನ ನಂಟು ಸಡಿಲವಾದದ್ದು ಹೇಗೆ?

ನಕ್ಷೆಯಲ್ಲಿ ಲಕ್ಷದ್ವೀಪದ ಕಿಲ್ತಾನ್ ಹುಡುಕಿ, ಅಲ್ಲಿಂದ ಎರಡು ಗೆರೆ ಎಳೆಯಿರಿ. ಕೊಚ್ಚಿಗೆ ಎಳೆದದ್ದು ಸುಮಾರು 390 ಕಿ.ಮೀ. ಮಂಗಳೂರಿಗೆ ಎಳೆದದ್ದು 250 ಕಿ.ಮೀ. ಆಸುಪಾಸು. ಆದರೂ ಅಲ್ಲಿನ ಜನ ಆಸ್ಪತ್ರೆಗೋ ಕಾಲೇಜಿಗೋ ಹೊರಟರೆ ಹೆಚ್ಚಾಗಿ ಕೊಚ್ಚಿಯ ಹಡಗನ್ನೇ ಕಾಯಬೇಕು.

ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಉತ್ತರದ ದ್ವೀಪಗಳು. ಟಿಪ್ಪುವಿನ ಕೈಗೆ ಬಂದಿದ್ದ ಇವು 1799ರ ನಂತರ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಪಾಲಾಗಿ, ಇಂದಿನ ದಕ್ಷಿಣ ಕನ್ನಡವೂ ಒಳಗೊಂಡಿದ್ದ ಕೆನರಾ ಜಿಲ್ಲೆಗೆ ಸೇರಿದವು. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಸರ್ಕಾರಕ್ಕೆ ಒಪ್ಪಿಸಿ, ಅಕ್ಕಿ ಒಯ್ಯುತ್ತಿದ್ದರು. ಮುಂದೆ 1956ರ ನವೆಂಬರ್ 1ರಂದು ಇತ್ತ ವಿಶಾಲ ಮೈಸೂರು ರಾಜ್ಯ ಹುಟ್ಟಿತು, ಅತ್ತ ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ದಕ್ಷಿಣ ಕನ್ನಡದ ನಂಟು ಕಾಗದದ ಮೇಲೆ ಅಂದಿಗೆ ಮುಗಿಯಿತು. ಆಡಳಿತ ಕಚೇರಿ ಮೊದಲು ಕೋಯಿಕ್ಕೋಡ್‌ನಲ್ಲಿತ್ತು, 1964ರಲ್ಲಿ ಕವರತ್ತಿ ದ್ವೀಪಕ್ಕೆ ಹೋಯಿತು. ಪ್ರಯಾಣದ ಹಡಗುಗಳು ಕೊಚ್ಚಿಯ ಸುತ್ತ ಬೆಳೆದವು. ಮಿನಿಕಾಯ್ ಬಿಟ್ಟರೆ ದ್ವೀಪಗಳ ಮಾತು ಮಲಯಾಳವೇ. ಹಾಗಾಗಿ ಆ ಕಡೆ ಒಲವು ಸಹಜ.

ಕಾಗದದ ನಂಟು ಹೋದರೂ ಬಂದರಿನ ನಂಟು ಉಳಿಯಿತು. ಮಳೆಗಾಲ ಕಳೆದ ಮೇಲೆ ಮಂಗಳೂರಿನ ಹಳೆ ಬಂದರಿಗೆ ಹೋಗಿ ನೋಡಿ. ದಕ್ಕೆಗೆ ತಾಗಿ ಮಂಜಿಗಳು, ಅಂದರೆ ಸರಕು ಸಾಗಿಸುವ ದೊಡ್ಡ ಮರದ ದೋಣಿಗಳು, ನಿಂತಿರುತ್ತವೆ. ಸಿಮೆಂಟು, ಜಲ್ಲಿ, ಹೊಯಿಗೆ, ಕಬ್ಬಿಣದ ಸರಳು, ಅಕ್ಕಿ, ಈರುಳ್ಳಿ, ತರಕಾರಿ ಎಲ್ಲವೂ ಒಂದೇ ಮಂಜಿಗೆ ಏರುತ್ತದೆ. ಕೆಳಗೆ ಭಾರದ್ದು, ಮೇಲೆ ಬೇಗ ಕೆಡುವಂಥದ್ದು. ಹವಳದ ದ್ವೀಪದಲ್ಲಿ ಜಲ್ಲಿ ಎಲ್ಲಿಂದ ಸಿಗಬೇಕು? ಅಲ್ಲಿ ಒಂದು ಮನೆ ಏಳಬೇಕಾದರೆ ಅದರ ಬಹುಪಾಲು ಸಾಮಾನು ಸಮುದ್ರ ದಾಟಿಯೇ ಬರಬೇಕು. ತುಂಬಿದ ಮಂಜಿ ಹೊರಟರೂ ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಹೂಳು ಕಟ್ಟಿದ್ದರೆ ನೀರು ಏರುವ ತನಕ ಕಾಯಬೇಕು. ಜೂನ್ ಬಂತೆಂದರೆ ಮಂಜಿ ಓಡಾಟವೇ ಬಂದ್. ಸೆಪ್ಟೆಂಬರ್ ನಡುವಿನವರೆಗೆ ದ್ವೀಪಗಳು ಕೂಡಿಟ್ಟ ದಾಸ್ತಾನು ಮತ್ತು ದೊಡ್ಡ ಹಡಗುಗಳನ್ನೇ ನಂಬಿರುತ್ತವೆ.

ದೊಡ್ಡ ಹಡಗಿನದ್ದು ಬೇರೆಯೇ ಕಷ್ಟ. ಹೆಚ್ಚಿನ ದ್ವೀಪಗಳಲ್ಲಿ ಅದು ದಡಕ್ಕೆ ಬರೋಲ್ಲ, ಹವಳದ ದಿಬ್ಬದ ಆಚೆ ಆಳದಲ್ಲಿ ನಿಲ್ಲುತ್ತದೆ. ಸಣ್ಣ ದೋಣಿ ಹಡಗಿನ ಪಕ್ಕಕ್ಕೆ ಬಂದು ತೂಗಾಡುತ್ತದೆ. ಅಲೆ ದೋಣಿಯನ್ನು ಮೇಲೆತ್ತಿದ ಆ ಕ್ಷಣಕ್ಕೇ ಕಾಲಿಡಬೇಕು, ಕೆಳಗಿದ್ದವರು ರಟ್ಟೆ ಹಿಡಿದು ಎಳೆದುಕೊಳ್ಳುತ್ತಾರೆ. ಬಾಣಂತಿ ಇಳಿಯಬೇಕಾದದ್ದೂ ಹೀಗೆಯೇ, ಡಯಾಲಿಸಿಸ್ ಮಾಡಿಸಿಕೊಂಡು ಬಂದವರೂ ಹೀಗೆಯೇ. 1988ರಲ್ಲಿ ಅಗತ್ತಿಯಲ್ಲಿ ವಿಮಾನ ನಿಲ್ದಾಣ ಆಯಿತು. ಆದರೆ ಅಲ್ಲಿ ಇಳಿಯುವುದು ಸಣ್ಣ ವಿಮಾನ, ಉಳಿದ ದ್ವೀಪದವರು ಅಗತ್ತಿ ಮುಟ್ಟಲಿಕ್ಕೇ ಮತ್ತೆ ದೋಣಿ ಹಿಡಿಯಬೇಕು.

ಇನ್ನು ಹಡಗುಗಳ ಲೆಕ್ಕ. 2011ರ ಜನಗಣತಿಯಂತೆ ಸುಮಾರು 64 ಸಾವಿರ ಜನ, ಜನವಸತಿಯ 10 ದ್ವೀಪ. 700 ಜನ ಹಿಡಿಸುವ ಎಂವಿ ಕವರತ್ತಿ, 400 ಜನರ ಕೋರಲ್ಸ್ ಮತ್ತು ಲಗೂನ್ಸ್, 250 ಜನರ ಅರೇಬಿಯನ್ ಸೀ ಮತ್ತು ಲಕ್ಷದ್ವೀಪ್ ಸೀ ಒಂದೊಂದಾಗಿ ಬಂದವು. ಕೇಳಲಿಕ್ಕೆ ಸಾಕಷ್ಟಿದೆ ಅನಿಸುತ್ತೆ, ಅಲ್ವಾ? ಆದರೆ ಉಪ್ಪುನೀರಿನಲ್ಲಿ ಓಡುವ ಪ್ರತಿ ಹಡಗೂ ನಿಗದಿತ ಕಾಲಕ್ಕೆ ಡ್ರೈಡಾಕ್‌ಗೆ (ನೀರು ಬಸಿದು ಹಡಗು ದುರಸ್ತಿ ಮಾಡುವ ಕಟ್ಟೆ) ಹೋಗಲೇಬೇಕು. ಬಿಡಿಭಾಗ ತಡವಾದರೆ ವಾರದ ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ. ಬದಲಿ ಹಡಗು ಇಲ್ಲದಿದ್ದರೆ ಇರುವ ಹಡಗುಗಳ ಟಿಕೆಟ್ಟಿಗೆ ನೂಕುನುಗ್ಗಲು. 2021ರ ಡಿಸೆಂಬರ್‌ನಲ್ಲಿ 600ಕ್ಕೂ ಜಾಸ್ತಿ ಜನರಿದ್ದ ಎಂವಿ ಕವರತ್ತಿಯ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಪುಣ್ಯಕ್ಕೆ ಜನರೆಲ್ಲ ಪಾರಾದರು. ಆದರೆ ಎಲ್ಲಕ್ಕಿಂತ ದೊಡ್ಡ ಹಡಗೇ ದುರಸ್ತಿಗೆ ಹೋದ ಮೇಲೆ ಪಡಿಪಾಟಲು ಹೇಳತೀರದು. ಹಡಗು ಕೊಳ್ಳುವಾಗ ಇದ್ದ ಉತ್ಸಾಹ ಅದನ್ನು ಓಡುವ ಸ್ಥಿತಿಯಲ್ಲಿ ಇಡುವ ಯೋಜನೆಯಲ್ಲಿ ಕಂಡಿಲ್ಲ ಎನ್ನದೆ ವಿಧಿಯಿಲ್ಲ.

ಇದೇ ಹೊತ್ತಿಗೆ ಮಂಗಳೂರಿನ ಹೆಸರು ಮತ್ತೆ ಕೇಳಿಬಂತು, ಅದೂ ಜಗಳದ ನಡುವೆ. 2021ರಲ್ಲಿ ಕೇರಳದ ಬೇಪೂರು ಬಂದರಿನ ಸರಕು ಸಾಗಣೆಯನ್ನು ಮಂಗಳೂರಿಗೆ ತರುವ ವಿಚಾರ ಬಂದಾಗ ಕೇರಳದಲ್ಲಿ ವಿರೋಧ ಎದ್ದಿತು. ಎರಡು ಬಂದರಿನ ನಡುವೆ ಒಂದನ್ನೇ ಆರಿಸಬೇಕು ಎನ್ನುವಂತೆ ಮಾತು ನಡೆದದ್ದೇ ಬೇಸರದ ಸಂಗತಿ. ದಕ್ಷಿಣದ ಮಿನಿಕಾಯ್‌ಗೆ ಮಂಗಳೂರು ದೂರ, ಉತ್ತರದ ಚೆಟ್ಲತ್‌ಗೆ ಹತ್ತಿರ. ಎರಡೂ ದಾರಿ ಇದ್ದರೆ ಯಾರಿಗೂ ನಷ್ಟವಿಲ್ಲ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಸುಮಾರು 160 ಜನರನ್ನು ಏಳು ಗಂಟೆಯಲ್ಲಿ ಮಂಗಳೂರಿಗೆ ತಂದು ಇಳಿಸಿತು. ಹಳೆ ಬಂದರಿನಲ್ಲಿ ಸ್ವಾಗತವೂ ಆಯಿತು. ಬೆನ್ನಿಗೇ ಮಳೆಗಾಲ ಬಂತು.

ದ್ವೀಪದವರಿಗೆ ಬೇಕಿರುವುದು ಸ್ವಾಗತಕ್ಕಿಂತ ವೇಳಾಪಟ್ಟಿ. ಯಾವ ಹಡಗು ಯಾವ ತಿಂಗಳು ಡ್ರೈಡಾಕ್‌ಗೆ, ಆಗ ಬದಲಿ ಯಾವುದು ಎನ್ನುವುದು ಋತು ಶುರುವಾಗುವ ಮೊದಲೇ ಗೊತ್ತಿರಬೇಕು. ಅಳಿವೆ ಬಾಗಿಲಿನ ಹೂಳೆತ್ತುವ ಕೆಲಸ, ಪ್ರಯಾಣಿಕರಿಗೆ ನೆರಳು, ನೀರು, ಶೌಚಾಲಯ ಇರುವ ಪ್ರತ್ಯೇಕ ಜೆಟ್ಟಿ, ಮಂಗಳೂರಿನಲ್ಲೇ ಟಿಕೆಟ್ ಸಿಗುವ ಕೌಂಟರ್. ಇವು ನಮ್ಮ ದಡದಲ್ಲಿ ಆಗಬೇಕಾದ ಕೆಲಸಗಳು.